ಆನ್‌ಲೈನ್‌ನಲ್ಲಿ ಪಂಚಲೋಹದ ಮೂರ್ತಿ: ಬೆನ್ನು ನೋಡಿ, ತೂಕ ಕೇಳಿ

ತಮಿಳುನಾಡಿನ ಸ್ವಾಮಿಮಲೈ ಎರಕದ ಗಣಪತಿ ಎಂದು ತರಿಸಿದವರ ಮನೆಗೆ ಸತುವಿನ ಮಿಶ್ರಲೋಹಕ್ಕೆ ಹಿತ್ತಾಳೆ ಬಣ್ಣ ಬಳಿದ ಬೊಂಬೆ ಬರುವುದುಂಟು. ಕಾರವಾರದಲ್ಲಿ ಕೂತು ತರಿಸುವವರು ದುಡ್ಡು ಕಟ್ಟುವ ಮೊದಲೇ ನಾಲ್ಕು ಮಾತು ಕೇಳಬೇಕು.

ದೇವರಗೂಡಿನ ಅಳತೆ ತೆಗೆದುಕೊಳ್ಳಿ. ಮಾರುವವರು ಹೇಳುವ ಎತ್ತರದಲ್ಲಿ ಪೀಠ, ಪ್ರಭಾವಳಿಯೂ ಸೇರಿರುತ್ತವೆ. ಮೂರ್ತಿಯದ್ದೇ ಎತ್ತರವನ್ನೂ ಬೇರೆಯಾಗಿ ಕೇಳಿ.

ಮುಂದಿನದು ಫೋಟೊ. ಎಡವುವುದೇ ಇಲ್ಲಿ. ಸಾಂಪ್ರದಾಯಿಕ ಎರಕದಲ್ಲಿ ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಆಮೇಲೆ ಮಣ್ಣಿನ ಅಚ್ಚು ಒಡೆಯುತ್ತಾರೆ. ಹಾಗಾಗಿ ಒಂದರ ಪಡಿಯಚ್ಚು ಇನ್ನೊಂದಿರದು. ‘ಎಲ್ಲ ಪೀಸೂ ಹೀಗೇ ಇವೆ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಿ. ನಿಮಗೆ ಕಳಿಸುವ ಮೂರ್ತಿಯದ್ದೇ ಬೆನ್ನು, ಪಕ್ಕ, ತಳದ ಫೋಟೊ ತರಿಸಿಕೊಳ್ಳಿ. ತಕ್ಕಡಿಯ ಮೇಲಿಟ್ಟದ್ದೂ ಒಂದಿರಲಿ. ಕಿವಿಯ ಹಿಂದಿನಿಂದ ಪೀಠದವರೆಗೆ ಸಣ್ಣ ಗೆರೆ ಇಳಿದಿದ್ದರೆ ಅದು ಎರಡು ಹೋಳಿನ ಅಚ್ಚು ಕೂಡಿದ ಗುರುತು. ಗೆರೆಯನ್ನು ಅರದಿಂದ ಉಜ್ಜಿ ಅಳಿಸುತ್ತಾರೆ, ಆದ್ದರಿಂದ ಹಾರದ ಮಣಿಗಳನ್ನೂ ದೊಡ್ಡದು ಮಾಡಿ ನೋಡಿ. ಉಳಿ ಆಡಿದಲ್ಲಿ ಅಂಚು ಚೂಪು, ಮಣಿಯಿಂದ ಮಣಿಗೆ ಕೂದಲೆಳೆಯ ವ್ಯತ್ಯಾಸ. ಅಗ್ಗದ ಅಚ್ಚಿನದರಲ್ಲಿ ಬೆರಳುಗಳು ಅಂಟಿಕೊಂಡು ಮೊಂಡಾಗಿರುತ್ತವೆ, ಬೆನ್ನು ಬೋಳು. ‘ಆ್ಯಂಟಿಕ್ ಫಿನಿಶ್’ ಬೇಡವೇ ಬೇಡ. ಆ ಕಪ್ಪು ಬಣ್ಣದಡಿ ಎರಕದ ತೂತು, ಬೆಸುಗೆ ಅಡಗುತ್ತವೆ. ಜಿಐ ಟ್ಯಾಗ್ (ಇಂಥ ಊರಿನದೇ ಕಸುಬು ಎಂಬ ಭೌಗೋಳಿಕ ಗುರುತು) ಇದೆ ಎಂದವರಲ್ಲಿ ಅಧಿಕೃತ ಬಳಕೆದಾರರ ನೋಂದಣಿ ಸಂಖ್ಯೆ ಕೇಳಿ.

ಪೆಟ್ಟಿಗೆ ಒಡೆಯುವಾಗ ವಿಡಿಯೊ ಮಾಡಿ. ಕುಂಕುಮ ಹಚ್ಚಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಮೊದಲೇ ಪರೀಕ್ಷೆ ಮುಗಿಸಿ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣವಿದೆ. ಆದರೆ ಸತು, ಅಲ್ಯೂಮಿನಿಯಂ ಅದಕ್ಕೆ ಸಿಗವು. ಮೂರ್ತಿಯ ತೂಕ ನೋಡಿ ಬರೆದಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಸೊನ್ನೆ ಮಾಡಿ. ಮೂರ್ತಿಯನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕೆ ತಾಗಬಾರದು, ಪೊಳ್ಳು ಪೀಠವಾದರೆ ಓರೆ ಮಾಡಿ ಗಾಳಿ ಬಿಡಿಸಿ. ಮೂರ್ತಿಯ ತೂಕವನ್ನು ಈಗ ತಕ್ಕಡಿ ತೋರಿಸುವ ಅಂಕಿಯಿಂದ ಭಾಗಿಸಿದರೆ ಲೋಹ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು ಸಿಗುತ್ತದೆ. 1,700 ಗ್ರಾಂ ಮೂರ್ತಿಗೆ ತಕ್ಕಡಿ 200 ತೋರಿಸಿದರೆ ಭಾಗಲಬ್ಧ 8.5, ತಾಮ್ರ ಪ್ರಧಾನ ಲೋಹಕ್ಕೆ ಸರಿ. 7ರ ಆಸುಪಾಸು ಬಂದರೆ ಸತುವಿನ ಶಂಕೆ. ಒಳಗೆ ಮಣ್ಣು ತುಂಬಿದ್ದರೂ ಅಂಕಿ ಇಳಿಯುತ್ತದೆ. ಚಿನ್ನ, ಬೆಳ್ಳಿ ಎಷ್ಟು ಸೇರಿದೆ ಎಂಬುದು ಮಾತ್ರ ಇದರಲ್ಲಿ ತಿಳಿಯದು.

ಗಂಧದ ಕೆತ್ತನೆಯೇ ಬೇಕಿದ್ದರೆ ಆನ್‌ಲೈನ್ ಬೇಡ. ಬೇರೆ ಮರಕ್ಕೆ ಗಂಧದೆಣ್ಣೆ ಸವರಿದ್ದು ಫೋಟೊದಲ್ಲಿ ಗೊತ್ತಾಗದು. ಶಿರಸಿ, ಕುಮಟಾದ ಗುಡಿಗಾರರ ಕೆಲಸವನ್ನು ಕಣ್ಣಾರೆ ಕಂಡು ಕೊಳ್ಳಿ.

ಅಭಿಷೇಕದ ಮೂರ್ತಿಗೆ ಲ್ಯಾಕರ್ (ಹೊಳಪಿಗೆ ಬಳಿಯುವ ಪಾರದರ್ಶಕ ಲೇಪ) ಬೇಡ ಎಂದು ಮೊದಲೇ ಹೇಳಿಡಿ. ನಮ್ಮ ಉಪ್ಪುಗಾಳಿಗೆ ಕಿಲುಬು ಬೇಗ ಹಿಡಿಯುತ್ತದೆ; ಹುಣಸೆಹುಳಿಯಲ್ಲಿ ತೊಳೆದು, ನೀರು ನಿಲ್ಲದಂತೆ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ.