ಗಂಗಾವತಿಯ ಮನೆಯಲ್ಲೇ ಕೂತು ಜಿಮ್ಯಾಟ್ ಬರೆದೆ: ನನ್ನ ಅನುಭವ

"ದಿನಕ್ಕ ನಾಕು ಸಲ ಕರೆಂಟ್ ಹೋಗೋ ಊರಾಗ ಕೂತು ಅಮೆರಿಕಾದ ಪರೀಕ್ಷೆ ಬರೀತೀಯೇನವಾ? ಸುಮ್ನ ಹೈದರಾಬಾದಿಗೆ ಹೋಗಿ ಬರಿ." ಎಂಬಿಎ ಸೇರಲು ಬರೆಯುವ ಜಿಮ್ಯಾಟ್ ಪ್ರವೇಶ ಪರೀಕ್ಷೆಯನ್ನು ಮನೆಯಿಂದಲೇ ಬರೀತೀನಿ ಅಂದಾಗ ನನ್ನ ಸೋದರಮಾವ ಹೇಳಿದ ಮಾತು ಇದು. ಅವರ ರೈಸ್ ಮಿಲ್ಲಿನಲ್ಲಿ ನಾಲ್ಕು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಮೊದಲ ಸಲ 545 ಅಂಕ ಬಂದಾಗ ಅವರ ಮಾತೇ ನಿಜ ಅಂತ ಮನೆಯವರೆಲ್ಲ ಅಂದರು. ಎರಡನೇ ಸಲ ಅದೇ ಮನೆ, ಅದೇ ಕೋಣೆ, ಅದೇ ಲ್ಯಾಪ್‌ಟಾಪ್. 655 ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಸೆಂಟರ್ ಯಾಕೆ ಬೇಡ ಅಂದೆ ಅಂತ ಕೇಳಬಹುದು. ನಾನು ಬರೆದಾಗ ಮನೆಯಿಂದಾದರೆ ಫೀಸು 300 ಡಾಲರ್ ಇತ್ತು, ಸೆಂಟರಿನಲ್ಲಿ ಇಪ್ಪತ್ತೈದು ಡಾಲರ್ ಕಮ್ಮಿ. ಆದರೆ ಹೈದರಾಬಾದಿಗೆ ನಾನು, ಜೊತೆಗೆ ಅವ್ವ, ಲಾಡ್ಜು, ಊಟ, ಓಡಾಟ ಅಂತ ಹಾಕಿದರೆ ಏಳೆಂಟು ಸಾವಿರ ಸಲೀಸಾಗಿ ಹೋಗುತ್ತದೆ. ಎರಡು ದಿನದ ಕೆಲಸವೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿತ್ತು. ಆನ್‌ಲೈನ್ ಪರೀಕ್ಷೆಗೆ ಹಗಲು ರಾತ್ರಿ ಯಾವ ಹೊತ್ತಿಗೂ ಸ್ಲಾಟ್ ಸಿಗುತ್ತದೆ. ನನ್ನ ತಲೆ ಓಡುವುದು ಬೆಳಗಿನ ಜಾವ. ಅಷ್ಟು ಹೊತ್ತಿಗೆ ಯಾವ ಸೆಂಟರ್ ಬಾಗಿಲು ತೆಗೆದಿರುತ್ತದೆ?

2024ರ ಜೂನ್‌ನಲ್ಲಿ ಶುರು ಮಾಡಿದೆ. ಜಿಮ್ಯಾಟ್‌ನಲ್ಲಿ ಮೂರು ಭಾಗ, ತಲಾ 45 ನಿಮಿಷ: ಗಣಿತದ ಕ್ವಾಂಟ್, ಇಂಗ್ಲಿಷ್ ಓದು ಮತ್ತು ತರ್ಕದ ವರ್ಬಲ್, ಅಂಕಿಅಂಶ ನೋಡಿ ಉತ್ತರಿಸುವ ಡೇಟಾ ಇನ್‌ಸೈಟ್ಸ್. ಆಗಸ್ಟ್‌ನಲ್ಲಿ ಒಂದು ವಾರ ಪುಸ್ತಕ ಮುಟ್ಟಲಿಲ್ಲ. ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಕೊಂಡು ಹೋಗಿತ್ತಲ್ಲ, ಆ ವಾರ. ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಕೂರಿಸುವವರೆಗೆ ಮಿಲ್ಲಿನಲ್ಲಿ ಬೇರೆ ಮಾತೇ ಇರಲಿಲ್ಲ. ನೀರು ಹೋದರೆ ಭತ್ತ ಎಲ್ಲಿಂದ ಬರಬೇಕು? ಆ ವಾರ ಓದಿಲ್ಲ ಅಂತ ಇವತ್ತಿಗೂ ಬೇಜಾರಿಲ್ಲ.

ಮೊದಲ ಸಲ ಡಿಸೆಂಬರ್‌ನಲ್ಲಿ ಬರೆದೆ. ತಿಂಗಳೇ ತಪ್ಪು. ಮುಂಗಾರಿನ ಭತ್ತ ಬಂದು ಬೀಳುವ ಕಾಲ, ಮಿಲ್ಲು ಹಗಲು ರಾತ್ರಿ ಓಡುತ್ತದೆ. ರಾತ್ರಿ ಹತ್ತಕ್ಕೆ ಮನೆಗೆ ಬಂದು ಮಾರನೇ ದಿನ ಮಧ್ಯಾಹ್ನ ಪರೀಕ್ಷೆಗೆ ಕೂತೆ. ಲೆಕ್ಕ ಮಾಡಲು ಇಟ್ಟುಕೊಳ್ಳುವ ವೈಟ್‌ಬೋರ್ಡ್ ಹನ್ನೆರಡು ಇಂಚು ಅಗಲ, ಇಪ್ಪತ್ತು ಇಂಚು ಉದ್ದ ಮೀರಬಾರದು ಅನ್ನೋ ನಿಯಮ ಓದಿದ್ದೆ. ಆದರೂ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿದ ಎರಡು ಅಡಿ ಬೋರ್ಡನ್ನೇ ತಂದಿದ್ದೆ. ಅಷ್ಟೆಲ್ಲ ಯಾರು ಅಳೆಯುತ್ತಾರೆ ಅಂದುಕೊಂಡಿದ್ದೆ. ಆನ್‌ಲೈನ್‌ನಲ್ಲೇ ನಮ್ಮ ಮೇಲೆ ಕಣ್ಣಿಡುವ ಪ್ರಾಕ್ಟರ್ ಕ್ಯಾಮೆರಾದಲ್ಲಿ ನೋಡಿದವರೇ ಬೇಡ ಅಂದರು. ಸ್ಕ್ರೀನಿನ ಮೇಲಿನ ಬೋರ್ಡಿನಲ್ಲಿ ಮೌಸ್ ಹಿಡಿದು ಲೆಕ್ಕ ಮಾಡಬೇಕಾಯಿತು. ಮೌಸಿನಲ್ಲಿ 7 ಬರೆದರೆ 1ರ ಹಾಗೆ ಕಾಣುತ್ತಿತ್ತು.

ಆಮೇಲೆ ವರ್ಬಲ್. ಇಂಗ್ಲಿಷ್ ಓದುವಾಗ ನನ್ನ ತುಟಿ ಆಡುತ್ತದೆ. ಸಣ್ಣವಳಿದ್ದಾಗಿನಿಂದ ಇರುವ ರೂಢಿ. ಎರಡನೇ ಪ್ಯಾಸೇಜಿಗೆ ಎಚ್ಚರಿಕೆ ಬಂತು, ಬಾಯಿಬಿಟ್ಟು ಓದಬೇಡಿ ಅಂತ. ಅಲ್ಲಿಂದ ಗಮನವೆಲ್ಲ ತುಟಿಯ ಮೇಲೇ. ಡೇಟಾ ಇನ್‌ಸೈಟ್ಸ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ. ಆದರೆ ಇನ್ವರ್ಟರ್‌ಗೆ ಬದಲಾಗುವ ಆ ಒಂದು ಕ್ಷಣದಲ್ಲಿ ರೂಟರ್ ಆಫ್ ಆಗಿ ಮತ್ತೆ ಶುರುವಾಯಿತು. ನೆಟ್ ಬರಲು ಎರಡು ಮೂರು ನಿಮಿಷ. ಪರೀಕ್ಷೆ ಮತ್ತೆ ತೆರೆಯಿತು, ನನ್ನ ಕೈ ಮಾತ್ರ ನಡುಗುತ್ತಿತ್ತು. ಕೊನೆಗೆ ನಾಲ್ಕು ಪ್ರಶ್ನೆ ಉತ್ತರಿಸದೇ ಉಳಿದವು. ಬಿಟ್ಟ ಪ್ರಶ್ನೆಗೆ ಅಂಕ ಕಡಿತ ಜಾಸ್ತಿ. ಕಣ್ಣುಮುಚ್ಚಿ ಒತ್ತಿದ್ದರೂ ಇದಕ್ಕಿಂತ ಚೆನ್ನಾಗಿರುತ್ತಿತ್ತು. ಇಪ್ಪತ್ತಾರು ಸಾವಿರ ಹತ್ತಿರ ಹತ್ತಿರ ಹೋಯಿತು. ಅದು ನನ್ನ ಒಂದೂವರೆ ತಿಂಗಳ ಸಂಬಳ. ಆ ರಾತ್ರಿ ಊಟ ಮಾಡಲಿಲ್ಲ.

ಹದಿನಾರು ದಿನ ಬಿಟ್ಟು ಮತ್ತೆ ಬರೆಯಬಹುದಿತ್ತು. ನಾನು ನಾಲ್ಕು ತಿಂಗಳು ತೆಗೆದುಕೊಂಡೆ. ಬೆಂಗಳೂರಿನ ಒಂದು ಕೋಚಿಂಗ್‌ನವರು ಎಪ್ಪತ್ತು ಸಾವಿರ ಅಂದರು. ಬೇಡ ಅಂದೆ. ಮಿಲ್ಲಿನ ಖಾತೆ ಪುಸ್ತಕದಂಥದ್ದೇ ಒಂದು ಪುಸ್ತಕ ತಂದು, ತಪ್ಪಿದ ಒಂದೊಂದು ಪ್ರಶ್ನೆಯನ್ನೂ ಸಾಲದ ಹಾಗೆ ಬರೆದುಕೊಂಡೆ. ಯಾವ ದಿನ ತಪ್ಪಿತು, ಯಾಕೆ ತಪ್ಪಿತು, ಯಾವಾಗ ತೀರಿತು. ಹತ್ತು ದಿನ ಬಿಟ್ಟು ಅದೇ ಪ್ರಶ್ನೆ ಎರಡು ನಿಮಿಷದೊಳಗೆ ಸರಿಯಾದರೆ ಮಾತ್ರ ಸಾಲ ತೀರಿತು ಅಂತ ಗೆರೆ ಎಳೆಯುವುದು. ಸುಮಾರು ಆರುನೂರು ಸಾಲ ಬರೆದಿದ್ದೆ. ಪರೀಕ್ಷೆ ಹೊತ್ತಿಗೆ ಎಂಬತ್ತು ಉಳಿದಿರಬೇಕು.

ನನಗೆ ಕಷ್ಟವಾದದ್ದು ಡೇಟಾ ಇನ್‌ಸೈಟ್ಸ್‌ನಲ್ಲಿ ಬರುವ ಡೇಟಾ ಸಫಿಷಿಯೆನ್ಸಿ, ಅಂದರೆ ಕೊಟ್ಟ ಮಾಹಿತಿ ಸಾಕೋ ಇಲ್ಲವೋ ಅಂತ ಹೇಳುವ ಪ್ರಶ್ನೆಗಳು. ಲೆಕ್ಕ ಬರೆಯುವವಳಿಗೆ ಪೈಸೆವರೆಗೂ ಹೋಗುವುದೇ ರೂಢಿ. ಅಲ್ಲಿ ಉತ್ತರ ಬೇಕಿಲ್ಲ, ಉತ್ತರ ಸಿಗುತ್ತದೋ ಇಲ್ಲವೋ ಅಷ್ಟೇ ಬೇಕು. ಕೊನೆಗೆ ಲಾರಿಯಿಂದ ಅರ್ಥ ಮಾಡಿಕೊಂಡೆ. ಲಾರಿಯಲ್ಲಿ ಎಷ್ಟು ಚೀಲ ಭತ್ತ ಇದೆ? ಒಂದನೇ ಹೇಳಿಕೆ: ವೇ ಬ್ರಿಜ್‌ನಲ್ಲಿ ಭತ್ತದ ತೂಕ 15 ಟನ್. ಎರಡನೇ ಹೇಳಿಕೆ: ಪ್ರತಿ ಚೀಲ 75 ಕೆ.ಜಿ. ಒಂದೊಂದೇ ಸಾಲದು, ಎರಡೂ ಸೇರಿದರೆ ಸಾಕು. ಅಲ್ಲಿಗೆ ಪೆನ್ನು ಕೆಳಗಿಡಬೇಕು. ಇನ್ನೂರು ಚೀಲ ಅಂತ ಭಾಗಿಸಿದೆನೋ, ಅಷ್ಟು ಸೆಕೆಂಡು ದಂಡ. ದಿನಾ ಗೇಟಿಗೆ ಬರುವ ಲಾರಿ ನೋಡಿ ಹೀಗೇ ಪ್ರಶ್ನೆ ಕಟ್ಟುತ್ತಿದ್ದೆ. ಡೇಟಾ ಇನ್‌ಸೈಟ್ಸ್ ಅಂಕ 70ರಿಂದ 81ಕ್ಕೆ ಏರಿತು.

ವರ್ಬಲ್‌ನಲ್ಲಿ ಒಂದು ವಾದ ಕೊಟ್ಟು ಅದನ್ನು ಪರೀಕ್ಷಿಸುವ ಕ್ರಿಟಿಕಲ್ ರೀಸನಿಂಗ್‌ಗೆ ಇನ್ನೊಂದು ಪ್ರಯೋಗ ಮಾಡಿದೆ. ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ವಾದವನ್ನು ಇಂಗ್ಲಿಷಿನಲ್ಲೇ ಯೋಚಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಉಲ್ಟಾ ಮಾಡಿದೆ. ಪ್ರತಿ ವಾದವನ್ನೂ ಕನ್ನಡಕ್ಕೆ ತಂದು ಮಾವನಿಗೆ ಹೇಳುತ್ತಿದ್ದೆ. ಒಂದು ಸಲ ನಾನೇ ಕಟ್ಟಿ ಹೇಳಿದೆ: "ಮಾವಾ, ಈ ವರ್ಷ ಸೋನಾ ಮಸೂರಿ ರೇಟ್ ಏರೇತ್ರಿ. ಅದಕ್ಕ ರೈತರ ಕೈಯಾಗ ರೊಕ್ಕ ಜಾಸ್ತಿ ಬರ್ತೈತ್ರಿ. ಇದರಾಗ ಏನ್ ತಪ್ಪೈತ್ರಿ?" ನಾನು ಇಳುವರಿ, ಗೊಬ್ಬರದ ಖರ್ಚು ಅಂತ ಯೋಚಿಸಿದ್ದೆ. ಮಾವ ತೂಕದ ಚೀಟಿಯಿಂದ ತಲೆ ಎತ್ತದೇ ಹೇಳಿದರು: "ರೇಟ್ ಏರೋ ಹೊತ್ತಿಗೆ ಭತ್ತ ಯಾರ ಮನ್ಯಾಗ ಐತಿ, ಅದನ್ನ ನೋಡು. ರೈತ ಕೊಯ್ದ ವಾರಕ್ಕ ಮಾರಿಬಿಟ್ಟಿರ್ತಾನ." ವಾದದಲ್ಲಿ ಬಿಟ್ಟುಹೋದ ಕೊಂಡಿ ಅಂದರೆ ಇದೇ. ಯಾವ ವಿಡಿಯೋ ಪಾಠದಲ್ಲೂ ನನಗೆ ಇಷ್ಟು ಚೆನ್ನಾಗಿ ಹೊಳೆದಿರಲಿಲ್ಲ. ಒಂದು ತಿಂಗಳಲ್ಲಿ ಕನ್ನಡಕ್ಕೆ ತರುವ ಕೆಲಸ ತಲೆಯೊಳಗೆ ತಾನಾಗಿಯೇ ಆಗತೊಡಗಿತು. ತುಟಿಯೂ ನಿಂತಿತು. ಅದಕ್ಕೆ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ಓದುವ ಅಭ್ಯಾಸ ಮಾಡಿದ್ದೆ. ಪರೀಕ್ಷೆಯ ದಿನ ಇಡಲಿಲ್ಲ, ಬೇಕಾಗಲೂ ಇಲ್ಲ.

ಕೋಣೆಯ ಕೆಲಸಕ್ಕೂ ಅಷ್ಟೇ ಮನಸ್ಸು ಕೊಟ್ಟೆ. ರೂಟರ್‌ಗೆ ಅಂತಲೇ ಬರುವ ಸಣ್ಣ ಯುಪಿಎಸ್ ತಂದೆ, ಸಾವಿರದ ನಾನೂರು ಇರಬೇಕು. ದಿನಾ ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ, ನೆಟ್ ಒಂದು ಸಲವೂ ಅಲುಗಾಡಲಿಲ್ಲ. ಬಡಗಿಯ ಹತ್ತಿರ ಬಿಳಿ ಲ್ಯಾಮಿನೇಟ್ ಹಲಗೆಯನ್ನು ಸರಿಯಾಗಿ ಅಳತೆಗೆ ಕೊಯ್ಯಿಸಿದೆ, ಮುನ್ನೂರು ಚಿಲ್ಲರೆ. ಗೋಡೆಯ ಕ್ಯಾಲೆಂಡರ್ ತೆಗೆದೆ. ಏಪ್ರಿಲ್ ಬಿಸಿಲಿಗೆ ಕೂಲರ್ ಬೇಕೇ ಬೇಕು, ಅದರ ಸದ್ದಿಗೆ ತಲೆ ಓಡಲ್ಲ. ಬೆಳಗಿನ ಜಾವ ಆ ತಾಪತ್ರಯವೇ ಇಲ್ಲ. ಕೊನೆಯ ಮೂರು ವಾರ ಎಲ್ಲ ಮಾಕ್‌ಗಳನ್ನೂ, ಅಂದರೆ ಅಭ್ಯಾಸ ಪರೀಕ್ಷೆಗಳನ್ನೂ, ಐದು ಗಂಟೆಗೇ ಬರೆದೆ. ಉಚಿತವಾಗಿ ಸಿಗುವ ಎರಡು ಅಧಿಕೃತ ಮಾಕ್‌ಗಳಲ್ಲಿ ಒಂದನ್ನು ಕೊನೆಯವರೆಗೂ ಮುಟ್ಟದೇ ಇಟ್ಟಿದ್ದೆ. ಅದನ್ನು ಯಾವ ದಿನ, ಹೇಗೆ ಬಳಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಪಾಸ್‌ಪೋರ್ಟ್ ಬಗ್ಗೆ ಒಂದು ಮಾತು. ನಮ್ಮ ದೇಶದವರಿಗೆ ಈ ಪರೀಕ್ಷೆಗೆ ಗುರುತಿನ ಚೀಟಿಯಾಗಿ ಆಧಾರ್ ನಡೆಯಲ್ಲ, ಪಾಸ್‌ಪೋರ್ಟೇ ಬೇಕು. ನಮ್ಮ ಕಡೆ ಹೆಸರಿಗೆ ಇನಿಶಿಯಲ್ ಹಚ್ಚುವ ರೂಢಿ, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು ಪೂರ್ತಿ ಇರುತ್ತದೆ. ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ.

ಪರೀಕ್ಷೆಯ ದಿನ ಮೊದಲು ಡೇಟಾ ಇನ್‌ಸೈಟ್ಸ್, ಆಮೇಲೆ ಕ್ವಾಂಟ್, ಹತ್ತು ನಿಮಿಷದ ಬಿಡುವು, ಕೊನೆಗೆ ವರ್ಬಲ್. ಪ್ರತಿ ಭಾಗದಲ್ಲೂ ಮೂರು ಉತ್ತರ ಬದಲಾಯಿಸಲು ಅವಕಾಶ ಇದೆಯಲ್ಲ, ಅದಕ್ಕೆ ನಾನೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ನನ್ನ ತಂಗಿಯೂ ಬರೆಯುವವಳಿದ್ದಾಳೆ, ಹಾಗಾಗಿ ಆ ಲೆಕ್ಕ ಇಲ್ಲಿ ಬೇಡ. ಕ್ವಾಂಟ್ ಮಧ್ಯೆ ಫ್ಯಾನ್ ನಿಂತು ಮತ್ತೆ ತಿರುಗಿತು. ಕರೆಂಟ್ ಹೋಗಿತ್ತು. ರೂಟರ್‌ನ ಹಸಿರು ದೀಪ ಮಿಟುಕಲೂ ಇಲ್ಲ.

ಖರ್ಚು ಎಲ್ಲ ಸೇರಿ ಅರವತ್ತೆರಡು ಸಾವಿರ ಆಗಿರಬಹುದು. ಎರಡು ಸಲದ ಫೀಸು, ಪುಸ್ತಕ, ದುಡ್ಡು ಕೊಟ್ಟ ಎರಡು ಮಾಕ್, ಪಾಸ್‌ಪೋರ್ಟ್‌ಗೆ 1,500, ಯುಪಿಎಸ್, ಹಲಗೆ. ಕೋಚಿಂಗ್‌ನವರು ಹೇಳಿದ್ದಕ್ಕಿಂತ ಕಮ್ಮಿ, ಅವರದರಲ್ಲಿ ಪರೀಕ್ಷೆ ಫೀಸೇ ಸೇರಿರಲಿಲ್ಲ.

ಅಧಿಕೃತ ಅಂಕ ಬಂದ ಮೇಲೆ 48 ತಾಸಿನೊಳಗೆ ಐದು ಎಂಬಿಎ ಕಾಲೇಜುಗಳ ಕಡೆಗೆ ಉಚಿತವಾಗಿ ಕಳಿಸಬಹುದು. ನನಗೆ ಮೇಲ್ ಬಂದಾಗ ಮಿಲ್ಲಿನಲ್ಲಿ ಲಾರಿ ಲೋಡ್ ಆಗುತ್ತಿತ್ತು. ಮಾವನ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಸೇರಿ ಮೂರು ಕಡೆ ಕಳಿಸಿದೆ. ಮಾವ ಕನ್ನಡಕ ಹಾಕಿಕೊಂಡು ಸ್ಕ್ರೀನ್ ನೋಡಿದರು. "ಇನ್ನೂ ಎರಡು ಉಳಿದಾವಲ್ಲ, ಅವನ್ಯಾಕ ಬಿಟ್ಟಿ?" ಅಂದರು. ಆ ಎರಡನ್ನೂ ಅವರೇ ಆರಿಸಿದರು.