ಮಗಳು ಧಾರವಾಡದಲ್ಲಿ, ನಾವು ಶಿರಸಿಯಲ್ಲಿ: ಎರಡು ವರ್ಷ ನಡೆಸಿದ ಬಗೆ

ಮಗಳು 2023ರಲ್ಲಿ ಎಂ.ಎಸ್ಸಿ. ಓದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋದಳು. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಸ್ವಲ್ಪ ಅಡಿಕೆ ತೋಟ. ಮಕ್ಕಳನ್ನು ಮೊದಲ ಸಲ ಹಾಸ್ಟೆಲಿಗೆ ಕಳಿಸುತ್ತಿರುವ ಅಪ್ಪ ಅಮ್ಮಂದಿರು ಈಗ ನನ್ನನ್ನು ಕೇಳುತ್ತಾರೆ, ನೀವು ಏನೇನು ಮಾಡಿದಿರಿ ಅಂತ. ನಾನು ಹೇಳುವುದು ಒಂದೇ. ಮನೆಯಿಂದ ಹೋಗುವುದು ಹೇಳಿದ ದಿನ ಹೋಗಬೇಕು. ದುಡ್ಡಾಗಲಿ, ಫೋನಾಗಲಿ, ಸುದ್ದಿಯಾಗಲಿ. ಜಾಸ್ತಿ ಕೊಡುವುದಕ್ಕಿಂತ ಇದು ದೊಡ್ಡದು.

ದುಡ್ಡಿನ ಮಾತು ಮೊದಲು. ಅಡಿಕೆ ಮನೆಯವರಿಗೆ ಈ ಕಷ್ಟ ಗೊತ್ತು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಜೋರಾಗುವುದು ದೀಪಾವಳಿ ಕಳೆದ ಮೇಲೆ. ಸುಲಿದು, ಬೇಯಿಸಿ, ಒಣಗಿಸಿ, ಸೊಸೈಟಿಗೆ ಒಯ್ದು, ದರ ನೋಡಿ ಕೊಡುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ. ಮಳೆಗಾಲದಲ್ಲಿ ಕೈಗೆ ಬರುವುದು ಏನೂ ಇಲ್ಲ, ಹೋಗುವುದೇ ಎಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಕೂಲಿ, ಗೊಬ್ಬರ. ಅದು ಮುಗಿಯುವ ಹೊತ್ತಿಗೇ ಕಾಲೇಜಿನ ಶುಲ್ಕ, ಹಾಸ್ಟೆಲಿನ ಠೇವಣಿ.

ಮೊದಲ ವರ್ಷ ನಾವು ಸೊಸೈಟಿಯಲ್ಲಿ ಇಟ್ಟಿದ್ದ ಚಾಲಿ ಅಡಿಕೆಯ ಮೇಲೆ ಮುಂಗಡ ತೆಗೆದೆವು. ಮರುವರ್ಷ ಅಡಿಕೆ ಕೊಟ್ಟ ದಿನವೇ ಅವಳ ಇಡೀ ವರ್ಷದ ಖರ್ಚನ್ನು ಬೇರೆ ಖಾತೆಗೆ ಹಾಕಿದೆವು. ತೋಟಕ್ಕೆ ಎಷ್ಟೇ ಬೇಕಾದರೂ ಆ ಖಾತೆ ಮುಟ್ಟುವುದಿಲ್ಲ ಎಂದು ನಾನು, ಇವರು ಮಾತಾಡಿಕೊಂಡೆವು. ತಿಂಗಳ ಒಂದನೇ ತಾರೀಕು ಅಲ್ಲಿಂದ ಅವಳ ಖಾತೆಗೆ ದುಡ್ಡು ತಾನಾಗಿ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟೆವು. ಇದನ್ನು ಮಾತ್ರ ಎಲ್ಲರೂ ಮಾಡಿ ಎಂದು ಕೈಮುಗಿದು ಹೇಳುತ್ತೇನೆ. ಮನೆಯ ಕಷ್ಟ ಗೊತ್ತಿರುವ ಮಕ್ಕಳು ದುಡ್ಡು ಕೇಳುವುದಿಲ್ಲ. ಸುಮ್ನೆ ಒಂದು ಹೊತ್ತಿನ ಊಟ ಬಿಡುತ್ತಾರೆ. ಕೇಳಬೇಕಾದ ಸಂದರ್ಭವೇ ಬರಬಾರದು.

ಬ್ಯಾಂಕಿನ ಶಿಕ್ಷಣ ಸಾಲವನ್ನೂ ವಿಚಾರಿಸಿದ್ದೆವು. 4 ಲಕ್ಷದವರೆಗೆ ಆಸ್ತಿ ಅಡವು ಬೇಡ, ಓದುವಾಗ ಕಂತಿಲ್ಲ. ಎಂಜಿನಿಯರಿಂಗಿಗೆ ಕಳಿಸುವವರಿಗೆ ಅದು ಬೇಕಾಗಬಹುದು. ನಮಗೆ ಬೇಕಾಗಲಿಲ್ಲ.

ಇನ್ನು ವಿದ್ಯಾರ್ಥಿವೇತನ. ಇದರಲ್ಲಿ ಕಾಗದದ ಕೆಲಸ ಮನೆಯವರದ್ದೇ. ಕ್ಲಾಸು, ಪ್ರಯೋಗಾಲಯ ಬಿಟ್ಟು ಮಗು ನಾಡಕಚೇರಿಗೆ ಬರಲು ಆಗುತ್ತದಾ? ರೈತರ ಮಕ್ಕಳ ಓದಿಗೆ ರಾಜ್ಯ ಸರ್ಕಾರದ ರೈತ ವಿದ್ಯಾನಿಧಿ ಯೋಜನೆ 2021ರಲ್ಲಿ ಶುರುವಾದಾಗ ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ರೂಪಾಯಿ ಎಂದು ನಿಗದಿ ಮಾಡಿದ್ದರು. ಅದಕ್ಕೆ ರೈತರೆಂದು ನೋಂದಾಯಿಸಿದಾಗ ಸರ್ಕಾರ ಕೊಡುವ ಎಫ್‌ಐಡಿ ಸಂಖ್ಯೆ ಬೇಕಿತ್ತು, ಆ ಸಂಖ್ಯೆಗೆ ಪಹಣಿ ಸರಿ ಇರಬೇಕಿತ್ತು. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆಧಾರಿನಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಯಾವ ವಿದ್ಯಾರ್ಥಿವೇತನಕ್ಕೆ ಹಾಕುವುದಾದರೂ ಆಧಾರಿನ ಈ ತೊಡಕು ಇದ್ದದ್ದೇ. ಅವಳು ಹೊರಡುವ ಮೊದಲೇ ಇವರು ಕೂತು ಎಲ್ಲ ನೋಡಿ ಮುಗಿಸಿದ್ದರು. ಒಂದು ಮಾತು, ಆ ದುಡ್ಡನ್ನು ತಿಂಗಳ ಖರ್ಚಿನ ಲೆಕ್ಕಕ್ಕೆ ಹಿಡಿಯಬೇಡಿ. ಬಂದಾಗ ಬರಲಿ.

ಫೋನು ರಾತ್ರಿ, ಮೆಸ್ಸಿನ ಊಟ ಮುಗಿದ ಮೇಲೆ. ಹೊತ್ತು ಅವಳು ಹೇಳಿದ್ದು, ನಾವು ಪಾಲಿಸಿದ್ದು. ಹಗಲು ಅರ್ಜೆಂಟ್ ಇದ್ದರೆ ಮಾತ್ರ. "ಊಟ ಆತನೆ?" ಅಂತ ಶುರುವಾದರೆ ದನ ಕರು ಹಾಕಿದ್ದು, ಮಂಗ ಬಾಳೆಗೊನೆ ತಿಂದದ್ದು, ಎಲ್ಲ ಹೇಳುತ್ತಿದ್ದೆ. ಅಂಕದ ಮಾತು ನಾನಾಗಿ ಎತ್ತುತ್ತಿರಲಿಲ್ಲ. ಅವಳೇ ಹೇಳುತ್ತಿದ್ದಳು, ಕಡಿಮೆ ಬಂದಾಗಲೂ.

ಮೊದಲ ತಿಂಗಳುಗಳಲ್ಲಿ ಒಂದು ರಾತ್ರಿ ಅತ್ತಳು. ಇಂಥ ಹೊತ್ತಿನಲ್ಲಿ "ಬಂದುಬಿಡು" ಎನ್ನಬಾರದು, "ಅಳಬೇಡ" ಎಂದೂ ಎನ್ನಬಾರದು ಎಂಬುದು ನನ್ನ ಅಭಿಪ್ರಾಯ. ಅಳುವುದನ್ನು ಪೂರ್ತಿ ಕೇಳಿದೆ. ಕೊನೆಗೆ "ಶನಿವಾರ ಅಪ್ಪಯ್ಯ ಬತ್ತ" ಎಂದೆ. ಶನಿವಾರ ಇವರು ಮುಂಡಗೋಡ, ಹುಬ್ಬಳ್ಳಿ ಮೇಲೆ ಬಸ್ಸಿನಲ್ಲಿ ಹೋಗಿ ಅವಳ ಜೊತೆ ಊಟ ಮಾಡಿ ಬಂದರು. ಬುದ್ಧಿ ಹೇಳಲು ಹೋದದ್ದಲ್ಲ. ಆಮೇಲೆ ಅವಳಿಗೆ ಯಾವಾಗ ಬೇಕೋ ಆವಾಗ ಊರಿಗೆ ಬರುತ್ತಿದ್ದಳು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದ್ದುದರಿಂದ ಬಸ್ಸಿನ ದುಡ್ಡಿನ ಯೋಚನೆಯೂ ಇರಲಿಲ್ಲ. ಮನಸ್ಸು ತೀರಾ ಕುಗ್ಗಿದ ಮಕ್ಕಳಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಮಕ್ಕಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಹಾಕಿಡಿ. ಅಪ್ಪ ಅಮ್ಮನೂ ಕರೆ ಮಾಡಿ ಕೇಳಬಹುದು.

ನಾವು ಮಕ್ಕಳ ಚಿಂತೆ ಮಾಡುತ್ತೇವೆ. ಅವರಿಗೂ ನಮ್ಮ ಚಿಂತೆ ಇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ನಮ್ಮ ನೆಂಟರು ಅರ್ಧ ಜನ ಘಟ್ಟದ ಕೆಳಗೆ. ಅವಳು ಹಾಸ್ಟೆಲಿನಲ್ಲಿ ಕೂತು ಫೋನಿನಲ್ಲಿ ಅದನ್ನೇ ನೋಡುತ್ತಿದ್ದಳು. ಇಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಆವತ್ತಿನಿಂದ ಮಳೆ ಜೋರಿದ್ದ ದಿನ ಇವರು ಬೆಳಿಗ್ಗೆ ಹಾಲು ಹಾಕಲು ಹೋದಾಗ ನೆಟ್‌ವರ್ಕ್ ಸಿಗುವ ಜಾಗದಲ್ಲಿ ನಿಂತು "ಎಲ್ಲ ಆರಾಮ" ಎಂದು ಕಳಿಸುತ್ತಿದ್ದರು. ಅದನ್ನು ನೋಡಿ ಅವಳು ಕ್ಲಾಸಿಗೆ ಹೋಗುತ್ತಿದ್ದಳು.

ಅಜ್ಜ ಆಸ್ಪತ್ರೆ ಸೇರಿದಾಗ ಅವಳಿಗೆ ಪರೀಕ್ಷೆ. "ಮುಗಿಯುವ ತನಕ ಹೇಳಬೇಡಿ" ಎಂದವರೇ ಜಾಸ್ತಿ. ನಾವು ಅದೇ ರಾತ್ರಿ ಹೇಳಿದೆವು. ಏನಾಗಿದೆ, ಡಾಕ್ಟರು ಏನೆಂದರು, ನಾಳೆ ಎಷ್ಟು ಹೊತ್ತಿಗೆ ಮತ್ತೆ ಫೋನ್ ಮಾಡುತ್ತೇವೆ, ಇಷ್ಟು. ಅಜ್ಜನ ಹತ್ತಿರವೂ ಮಾತಾಡಿಸಿದೆವು. ಒಮ್ಮೆ ಮುಚ್ಚಿಟ್ಟರೆ ಆಮೇಲೆ ನಾವು "ಆರಾಮ" ಎಂದರೂ ಅವಳು ನಂಬುವುದಿಲ್ಲ, ಅಲ್ವಾ? ಪರೀಕ್ಷೆ ಬರೆದಳು. ಮುಗಿದ ಮಾರನೇ ದಿನ ಬಂದು ಅಜ್ಜನ ಹತ್ತಿರ ಕೂತಳು.

ತಿನ್ನುವುದನ್ನು ಜಾಸ್ತಿ ಕಟ್ಟಬೇಡಿ. ಹಾಸ್ಟೆಲಿನಲ್ಲಿ ಹಲಸಿನ ಹಪ್ಪಳ ಕರಿಯಲು ಎಣ್ಣೆ ಬಾಣಲೆ ಎಲ್ಲಿ? ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಸಣ್ಣ ಸಣ್ಣ ಬಾಟಲಿಯಲ್ಲಿ ಕಳಿಸಿದೆ. ತೊಡದೇವು ಮಾತ್ರ ಕೋಣೆಯ ಹುಡುಗಿಯರ ಲೆಕ್ಕ ಹಿಡಿದು ಹೆಚ್ಚೇ ಇಡುತ್ತಿದ್ದೆ. ಆ ಹುಡುಗಿಯರ ಅಮ್ಮಂದಿರ ನಂಬರೂ ನನ್ನ ಹತ್ತಿರ ಇತ್ತು. ಮಗಳನ್ನು ಕಾಯಲು ಅಲ್ಲ, ಅವಳಿಗೆ ಗೊತ್ತಿದ್ದೇ ಇಟ್ಟುಕೊಂಡದ್ದು.

2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. "ಮಗಳು ಬರಲಿಲ್ಲವಾ?" ಎಂದು ಎಲ್ಲರೂ ಕೇಳಿದರು. ಬರುವುದು ಬಿಡುವುದು ಅವಳಿಗೇ ಬಿಟ್ಟಿದ್ದೆವು, ಅವಳು ಓದಲು ಉಳಿದಳು. ನೆಂಟರ ಮುಂದಿನ ಪ್ರಶ್ನೆ ಮದುವೆಯದ್ದು. ಓದು ಮುಗಿಯುವ ತನಕ ಆ ಮಾತು ಅವಳ ಕಿವಿಗೆ ಬೀಳಬಾರದು ಎಂದು ನಾವು ಮೊದಲೇ ತೀರ್ಮಾನ ಮಾಡಿದ್ದೆವು. ಕೇಳಿದವರಿಗೆಲ್ಲ ನಾನೇ ಉತ್ತರ ಕೊಟ್ಟೆ. ಜಾತಕ ತಂದವರಿಗೆ ಕಷಾಯ ಕೊಟ್ಟು, ಜಾತಕ ವಾಪಸ್ ಕೊಟ್ಟೆ. ದೂರದಲ್ಲಿರುವ ಹೆಣ್ಣುಮಕ್ಕಳಿಗೆ ಮನೆಯವರು ಮಾಡಲೇಬೇಕಾದ ಕೆಲಸ ಇದು. ನಾವು ನಿಲ್ಲಿಸದಿದ್ದರೆ ಆ ಪ್ರಶ್ನೆ ನೇರ ಅವಳ ಫೋನಿಗೇ ಹೋಗುತ್ತದೆ.

ಮಗ ಈಗ ದ್ವಿತೀಯ ಪಿಯುಸಿ. ಅವನ ಹೆಸರಿನ ಖಾತೆ ತೆಗೆದಾಗಿದೆ. ಆಧಾರಿನಲ್ಲಿ ಅವನ ಇನಿಶಿಯಲ್ ಹಿಂದುಮುಂದಾಗಿದೆ, ಮುಂದಿನ ವಾರ ಶಿರಸಿಗೆ ಹೋದಾಗ ಅದನ್ನು ತಿದ್ದಿಸಬೇಕು.