ಸಿಟ್ಟಿನಿಂದ ಹೋದ ಕೆಲಸ: ಮತ್ತೆ ಸಿಗಲು ನೆರವಾದದ್ದು

ಮೊದಲು ಕಾಗದಪತ್ರ. ರಿಲೀವಿಂಗ್ ಲೆಟರ್ ಓದದೆ ಒಂದು ಅರ್ಜಿಯನ್ನೂ ಹಾಕಬಾರದು. ಅದರಲ್ಲಿ ರಾಜೀನಾಮೆ ಎಂದಿದೆಯೋ ವಜಾ ಎಂದಿದೆಯೋ, ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ವಜಾ ಎಂದಿದ್ದರೆ, ಹುದ್ದೆ ಮತ್ತು ದಿನಾಂಕ ಮಾತ್ರ ಇರುವ ಸೇವಾ ಪತ್ರ ಕೇಳಿ ಎಚ್‌ಆರ್‌ಗೆ ನಾಲ್ಕು ಸಾಲಿನ ಇಮೇಲ್ ಕಳಿಸಿ. ಜಗಳದ ಪ್ರಸ್ತಾಪ ಬೇಡ.

ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಿ. ಹಳೆಯ ಕಂಪನಿ ಹಾಕದಿದ್ದರೆ, 2 ತಿಂಗಳ ನಂತರ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಪೋರ್ಟಲ್‌ನ ‘ಮಾರ್ಕ್ ಎಕ್ಸಿಟ್’ನಲ್ಲಿ ಆಧಾರ್ ಒಟಿಪಿ ಕೊಟ್ಟು ನಾವೇ ಹಾಕಬಹುದು. ಹಿನ್ನೆಲೆ ಪರಿಶೀಲಿಸುವವರು ರೆಸ್ಯೂಮೆಯ ದಿನಾಂಕಗಳನ್ನು ಇದರೊಂದಿಗೂ ಹೋಲಿಸುತ್ತಾರೆ. ನಡುವಿನ ಖಾಲಿ ತಿಂಗಳುಗಳಿಗೆ ತೇಪೆ ಹಾಕಿದರೆ ಬಂದ ಆಫರ್ ಕೂಡ ಕೈತಪ್ಪುತ್ತದೆ.

ಸಂದರ್ಶನದ ಉತ್ತರ ಅರ್ಧ ನಿಮಿಷ ಮೀರಬಾರದು: ‘ಮೀಟಿಂಗಿನಲ್ಲಿ ಕೂಗಾಡಿದೆ, ತಪ್ಪು ನನ್ನದೇ, ಅದಕ್ಕೇ ತೆಗೆದರು. ಈಗ ಸಿಟ್ಟು ಬಂದರೆ ಹತ್ತು ನಿಮಿಷ ಎದ್ದುಹೋಗಿ, ಆಮೇಲೆ ಬರೆದು ಉತ್ತರಿಸುತ್ತೇನೆ.’ ಇಷ್ಟೇ. ‘ಆದರೆ ಮ್ಯಾನೇಜರ್ ಕೂಡ...’ ಎಂದು ಶುರುವಾಯಿತೋ, ಕೆಟ್ಟಿತು. ಈ ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ; ಉಳಿದಿರುವ ಕಹಿ ದನಿಯಲ್ಲೇ ಸಿಕ್ಕಿಬೀಳುತ್ತದೆ. (ಕನ್ನಡಿ ಮುಂದೆ ಅಭ್ಯಾಸ ಮಾಡಿದರೆ ಇದು ಕಾಣುವುದಿಲ್ಲ.)

ರೆಫರೆನ್ಸ್‌ಗೆ ಜಗಳವಾದ ಬಾಸ್‌ಗಿಂತ ಮುಂಚಿನ ಟೀಮ್ ಲೀಡ್ ಒಳ್ಳೆಯದು. ನಡೆದದ್ದನ್ನು ಅವರಿಗೆ ಮೊದಲೇ ಹೇಳಿಡಿ.